ಹಚ್ಚದ ದೀಪ

ಚನ್ನಗಿರಿ
೧೪ ನವೆಂಬರ್ ೨೦೨೫, ಶುಕ್ರವಾರ

ಆ ದೀಪ ಕಣ್ಣಿಂದ ಹೋಗುತ್ತಿಲ್ಲ.

ಅಂತರ್ಜಲ ತಪಾಸಣೆಗೆಂದು ಕೆರೆಬಿಳಚಿ ರಸ್ತೆಯ ಪೆಟ್ರೋಲ್ ಬಂಕ್ ಹಿಂದಿರುವ ಮುದುಕಿ ಗಾದ್ರಮ್ಮನ ಬಾವಿಗೆ ಇವತ್ತು ಮತ್ತೆ ಹೋಗಿದ್ದೆ. ಬಾಟಲಿ ತುಂಬಿಸುವಾಗಲೇ ಪೆಟ್ರೋಲ್ ವಾಸನೆಗೆ ತಲೆ ಸುತ್ತಿತು. ಬಂಕಿನ ಮ್ಯಾನೇಜರ್ ಓಂಕಾರ್‌ನದು ಅದೇ ಮಾತು: "ನಮ್ಮ ಟ್ಯಾಂಕು ಗಟ್ಟಿ ಐತ್ರಿ ಮೇಡಂ, ಸೋರಂಗಿಲ್ಲ. ಬೇಕಾದ್ರೆ ಅಗೆಸಿ ನೋಡ್ರಿ." ಅಗೆಸಲು ನನಗೆ ಆದೇಶ ಸಿಗುವುದಿಲ್ಲ ಎಂಬುದು ಅವನಿಗೂ ಗೊತ್ತು.

ಶುಕ್ರವಾರ ಸಂಜೆ ಬಾವಿಕಟ್ಟೆಯ ಮೇಲೆ ಗಂಗಮ್ಮನಿಗೆ ದೀಪ ಇಡುವುದು ಗಾದ್ರಮ್ಮನ ರೂಢಿ. ಬಾವಿಯೊಳಗೆ ಪೆಟ್ರೋಲ್ ಆವಿ ತುಂಬಿದೆ, ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ, ಇನ್ನು ಇಲ್ಲಿ ದೀಪ ಹಚ್ಚಬೇಡಿ ಎಂದೆ.

"ಎಷ್ಟು ದಿನ ರೀ?" ಎಂದಳು.

ನಾಳೆಯೇ ಟ್ಯಾಂಕು ಕಿತ್ತು ಹಾಕಿದರೂ ಈ ಮಣ್ಣು ಕುಡಿದದ್ದನ್ನು ಅವಳ ಕಾಲಕ್ಕಂತೂ ಬಿಡುವುದಿಲ್ಲ. "ಸ್ವಲ್ಪ ದಿನ" ಎಂದೆ. ಇಷ್ಟು ಸಲ ಹೋಗಿ ಬಂದು ನಾನು ಅವಳಿಗೆ ಕೊಟ್ಟಿದ್ದು ಆ ಸುಳ್ಳೊಂದೇ.

ಜೀಪ್ ಹತ್ತುವಾಗ ತಿರುಗಿ ನೋಡಿದೆ. ಎಣ್ಣೆ ಹಾಕಿ ಬತ್ತಿ ಇಟ್ಟ ಹಣತೆ ಕಟ್ಟೆಯ ಮೇಲಿತ್ತು.

"ಹಚ್ಚಿಲ್ರಿ ಮೇಡಂ, ಸುಮ್ನೆ ಇಟ್ಟೀನಿ. ನೀರು ಸರಿಯಾತು ಅಂತ ನೀವು ಬಂದು ಹೇಳಿದ ದಿನ ಹಚ್ಚಾಕೆ."

ಮನೆಗೆ ಬಂದು ಸೋಪು ಹಾಕಿ ಕೈ ತೊಳೆದು ದೇವರ ಮುಂದೆ ನಿಂತೆ. ಬೆಂಕಿಕಡ್ಡಿ ತೆಗೆದಾಗ ಬೆರಳಿಗೆ ಇನ್ನೂ ಅದೇ ವಾಸನೆ. ಗೀರಲಾಗಲಿಲ್ಲ. ನಮ್ಮ ಮನೆಯ ದೀಪವೂ ಇವತ್ತು ಹಾಗೇ ಉಳಿಯಿತು, ಹಚ್ಚದೆ.