ಒಳ್ಳೆಯ ಕಣ್ಣಿಗೆ ಪಟ್ಟಿ

ಬ್ರಹ್ಮಪುರ, ಕಲಬುರಗಿ
೨೧ ನವೆಂಬರ್ ೧೯೯೭

ಹಡೆದವ್ವನಿಗೆ ನಿನ್ನ ರೇವಮ್ಮನ ಶರಣು.

ನಿನ್ನ ಮೊಮ್ಮಗಳು ನೀಲಾಳ ಜೋತುಬಿದ್ದ ಎಡರೆಪ್ಪೆಯನ್ನು ಎತ್ತಿ ಹಾಕಿದ್ದ ಹೊಲಿಗೆ ಬಿಚ್ಚಿದ್ದಾರೆ. ಬಾವು ಇಳಿದಿದೆ. ನೀನು ಕಳಿಸಿದ ಕೆಂಪು ಬಾಳೆಹಣ್ಣು ತಿಂದು ಆಡಿಕೊಂಡಿದ್ದಾಳೆ. ಕುಂತಲ್ಲಿ ಕೂರಲಾಗದವಳು ನಾನೇ. ಒಣಗದ ಸೀರೆಯನ್ನು ತೆಗೆದು ಮಡಚುತ್ತೇನೆ, ಮತ್ತೆ ಹರವುತ್ತೇನೆ. ನಿನ್ನ ಅಳಿಯ, ‘ಇಷ್ಟು ತಿರುಗಾಡಿದ್ರ ನೆಲದ ಫರಸಿ ಕಲ್ಲು ಸವೀತದ’ ಎಂದು ನಗುತ್ತಾರೆ.

ಎರಡೂ ಕಣ್ಣು ಸಮ ಆದವೇ ಎಂದು ಕೇಳಿದ್ದೀ. ಆಗಿಲ್ಲ. ಡಾಕ್ಟರಮ್ಮ ಬೇಕೆಂದೇ ಎಡರೆಪ್ಪೆಯನ್ನು ತುಸು ಕೆಳಗೆ ಬಿಟ್ಟಿದ್ದಾರೆ. ಹುಟ್ಟಿದಾಗಿನ ಗ್ಲಾಕೋಮಾಕ್ಕೆ ಅದೇ ಕಣ್ಣಿಗೆ ಮೊದಲೊಂದು ಆಪರೇಶನ್ ಆಗಿ ಒಳಗಿನ ಒತ್ತಡ ಇಳಿದಿದೆಯಲ್ಲ, ಆ ಕಣ್ಣು ನಾಜೂಕು; ಈಗ ರೆಪ್ಪೆಯನ್ನು ತೀರ ಮೇಲೆತ್ತಿದರೆ ನಿದ್ದೆಯಲ್ಲಿ ಮುಚ್ಚದೆ ಕಣ್ಣು ಒಣಗಿ ಕೆಡುತ್ತದಂತೆ. ಚಂದ ಆಮೇಲೆ, ನೋಟ ಮೊದಲು.

ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದರು. ರೆಪ್ಪೆ ಜೋತುಬಿದ್ದ ಮಕ್ಕಳು ಗದ್ದ ಎತ್ತಿ ರೆಪ್ಪೆಯ ಕೆಳಗಿನಿಂದ ನೋಡುತ್ತಾರೆ, ಇವಳು ಹಾಗೆ ಮಾಡಲಿಲ್ಲವೇ ಎಂದು. ಮಾಡುತ್ತಿದ್ದಳು, ಬಿಡಿಸಿದೆವು ಅಂದೆ. ಕಮಲಾಪುರದಲ್ಲಿ ನಿನ್ನ ಹತ್ತಿರ ಇದ್ದಾಗ ಅವಳು ಮುಖ ಎತ್ತಿದರೆ ಸಾಕು, ‘ಹೆಣ್ಣ ಹುಡುಗಿ ಮಾರಿ ಮ್ಯಾಲ ಮಾಡಿ ನಡದ್ರ ಸೊಕ್ಕಿನಾಕಿ ಅಂತಾರ’ ಎಂದು ಗದ್ದ ಹಿಡಿದು ತಗ್ಗಿಸುತ್ತಿದ್ದಿ. ಮಗು ಅದನ್ನೇ ರೂಢಿ ಮಾಡಿಕೊಂಡಿತು. ಎಡಗಣ್ಣು ರೆಪ್ಪೆಯ ಹಿಂದೆ ಕೆಲಸವಿಲ್ಲದೆ ಕೂತು, ನೋಡುವುದನ್ನೇ ಮರೆಯುತ್ತ ಬಂದಿದೆ. ನಿನಗೇನು ಗೊತ್ತಿತ್ತು, ಸಂಸ್ಕಾರ ಕಲಿಸಿದೆ.

ಈಗ ದಿನಾ ಕೆಲಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಹಚ್ಚಿ, ಆ ಸೋಮಾರಿ ಕಣ್ಣಿಗೆ ದುಡಿಮೆ ಹಚ್ಚಬೇಕು. ವಯಸ್ಸು ದಾಟಿದರೆ ಏನು ಮಾಡಿದರೂ ಅದರ ನೋಟ ಬಾರದು. ಹಚ್ಚುತ್ತಿದ್ದೇನೆ, ಚಿಂತೆ ಮಾಡಬೇಡ.

ಅವಳನ್ನು ಊರಿಗೆ ಕರೆದುಕೊಂಡು ಬಾ ಎಂದಿದ್ದೀ. ಬಸ್ಸಿನ ಧೂಳು ಕಣ್ಣಿಗೆ ಒಳ್ಳೆಯದಲ್ಲ. ನೀನೂ ತ್ರಾಸು ತಗೊಂಡು ಬರಬೇಡ. ಸಂಕ್ರಾಂತಿ ಆಗಲಿ, ನೋಡೋಣ.

ನಿನ್ನ ಮಗಳು,
ರೇವಮ್ಮ

ತಾ.ಕ.: ಧೂಳಿನ ಮಾತು ಸುಳ್ಳು. ನಿನ್ನ ಮೇಲೆ ಸಿಟ್ಟಿತ್ತು, ಇನ್ನೂ ಇದೆ. ಆದರೆ ಪಟ್ಟಿ ಹಚ್ಚುತ್ತಿದ್ದೇನೆ ಅಂದದ್ದೂ ಸುಳ್ಳೇ. ಹಚ್ಚಿದೊಡನೆ ಅವಳು ಗೋಡೆ ತಡವುತ್ತ, ‘ಅವ್ವಾ, ಕತ್ತಲಾಗ್ಯಾದ, ತಗಿ’ ಎಂದು ಅಳುತ್ತಾಳೆ, ನಾನು ಕಿತ್ತುಬಿಡುತ್ತೇನೆ. ಇವತ್ತೂ ಕಿತ್ತೆ. ನನ್ನ ಕೈಯಲ್ಲಿ ಆಗದು. ನೀನು ಹಿಡಿದದ್ದನ್ನು ಬಿಡುವವಳಲ್ಲ, ಮಕ್ಕಳ ಅಳುವಿಗೆ ಕರಗಿದವಳೂ ಅಲ್ಲ. ಪತ್ರ ಮುಟ್ಟಿದ ಕೂಡಲೇ ಬಾ. ಪಟ್ಟಿ ನೀನೇ ಹಚ್ಚು. ಅವಳು ಅತ್ತರೆ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿಕೋ.