ಏಳನೇ ಗುಳಿಯ ಬಣ್ಣ

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ 10

ಬಟ್ಟೆ ಒಣಹಾಕಿ ಆಯಿತು. ಇವರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದಾರೆ, ಹೋದ ವರ್ಷ ನಾನೇ ಆರಿಸಿ ತಂದ ಬೂದು ಶರ್ಟು ಹಾಕಿಕೊಂಡು. ವಾರವೆಲ್ಲ ಲಿಫ್ಟ್ ರಿಪೇರಿ, ಗ್ರೀಸ್ ಮೆತ್ತಿದ ಯೂನಿಫಾರ್ಮು. ಭಾನುವಾರ ಮಾತ್ರ ಈ ಶರ್ಟು.

ಮೇಜಿನ ಮೇಲೆ ನಾದಿನಿ ಕೊಟ್ಟ ಡಬ್ಬಿ. ನಿನ್ನೆ ನನ್ನ ಐವತ್ತೆರಡನೇ ಹುಟ್ಟುಹಬ್ಬಕ್ಕೆ ತಂದಳು. ಐಶ್ಯಾಡೋ ಪ್ಯಾಲೆಟ್! ವಿಮಾನ ನಿಲ್ದಾಣದ ಮೇಕಪ್ ಅಂಗಡಿಯಲ್ಲಿ ಅವಳ ಕೆಲಸ, ಹಾಗಾಗಿ ಇಂಥದ್ದೆಲ್ಲ ಕೈಗೆ ಸಿಗುತ್ತದೆ. ತಾಮ್ರದ ಬಣ್ಣದ ಮುಚ್ಚಳ. ಮುಚ್ಚಿದರೆ ದೊಡ್ಡ ಕಾರಿನ ಬಾಗಿಲು ಹಾಕಿದ ಸದ್ದು. ಒಳಗೆ ಹನ್ನೆರಡು ಗುಳಿ, ಹನ್ನೆರಡು ಪುಡಿ, ಎಲ್ಲ ಶರತ್ಕಾಲದ ಬಣ್ಣಗಳಂತೆ — ಒಣ ಎಲೆ, ತುಕ್ಕು, ಜೇನು, ತೊಗಟೆ, ಹೊಗೆ...

"ಅತ್ತಿಗೆ, ಜೀವಮಾನದಲ್ಲಿ ಒಂದ್ಸಲನಾದ್ರೂ ನಿಮ್ಮ ಮುಖಕ್ಕೆ ಬಣ್ಣ ಹಚ್ಕೊಳ್ಳಿ. ಬೇರೆಯವರ ಹಲ್ಲಿಗೆ ಬಳಿದಿದ್ದು ಸಾಕು," ಅಂದಳು.

ತಮಾಷೆಯಲ್ಲ, ನಿಜ. ಇಪ್ಪತ್ತಾರು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲಿಗೆ ಬಣ್ಣ ಹೊಂದಿಸುವುದೇ ಕೆಲಸ. ಕಟ್ಟಿದ ಹಲ್ಲಿಗೂ ಪಕ್ಕದ ಹುಟ್ಟು ಹಲ್ಲಿಗೂ ಕೂದಲೆಳೆಯ ವ್ಯತ್ಯಾಸ ಕಾಣಬಾರದು. ಕಣ್ಣಿಗೆ ಬೇರೆ ಬಣ್ಣ ಅಡ್ಡ ಬರಬಾರದೆಂದು ಅಲ್ಲಿ ಲಿಪ್‌ಸ್ಟಿಕ್ ಇಲ್ಲ, ನೇಲ್ ಪಾಲಿಶ್ ಇಲ್ಲ. ಬೂದು ಗೋಡೆ, ಬೂದು ಕೋಟು. ಗೋಡೆಗೆ ಒರಗಿ ನಿಂತರೆ ನಾನು ಯಾರಿಗೂ ಕಾಣಿಸುವುದಿಲ್ಲ.

ಇವತ್ತು ಹಚ್ಚಿ ನೋಡಿಯೇ ಬಿಡುತ್ತೇನೆ.

ಅದೇ ದಿನ, 11.30

ಡಬ್ಬಿಯ ಜೊತೆ ಬಂದ ಬ್ರಷ್ಷು — ಪೊರಕೆ. ನನ್ನ ಪಿಂಗಾಣಿ ಬ್ರಷ್ಷನ್ನೇ ತೆಗೆದೆ. ಅಭ್ಯಾಸಬಲ... ಪುಡಿಗೆ ಎರಡು ಹನಿ ನೀರು, ಗಾಜಿನ ಮೇಲೆ ಕಲಸಿ, ಪದರದ ಮೇಲೆ ಪದರ. ಕೆಳಗೆ ಜೇನು, ಮೇಲೆ ತುಕ್ಕು, ಅಂಚಿಗೆ ತೊಗಟೆ. ಕೈ ಒಂದಿಷ್ಟೂ ನಡುಗಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡು ಬಾಲ್ಕನಿಗೆ ಹೋದೆ.

ಇವರು ಪೇಪರ್ ಇಳಿಸಿದರು.

"ಯಾರು ಹೊಡೆದ್ರು?"

ಓಡಿಹೋಗಿ ದೊಡ್ಡ ಕನ್ನಡಿ ನೋಡಿದೆ. ಬಣ್ಣ ಹುಬ್ಬು ದಾಟಿ ಹಣೆಗೆ ಹೊರಟಿದೆ. ಆಗ ಹೊಳೆಯಿತು. ಪಿಂಗಾಣಿ ಕುಲುಮೆಯಲ್ಲಿ ಬೆಂದಾಗ ಕುಗ್ಗುತ್ತದೆ, ಅದಕ್ಕೆ ಹಲ್ಲನ್ನು ಯಾವಾಗಲೂ ಐದರಲ್ಲಿ ಒಂದು ಪಾಲು ದೊಡ್ಡದಾಗಿ ಕಟ್ಟುತ್ತೇವೆ. ನನ್ನ ಕೈ ಕಣ್ಣಿಗೂ ಹಾಗೇ ಕಟ್ಟಿದೆ! ತಲೆಯನ್ನು ಕುಲುಮೆಯೊಳಗೆ ಇಟ್ಟು ಬೇಯಿಸಿಕೊಂಡರೆ ಮಾತ್ರ ಸರಿಹೋಗಬೇಕು. ನಕ್ಕು ನಕ್ಕು ಎಲ್ಲ ಕೆನ್ನೆಗೆ ಇಳಿಯಿತು.

ಆದರೆ ಒಂದು ವಿಷಯ. ಏಳನೇ ಗುಳಿ, ಎಂಟನೇ ಗುಳಿ, ಎರಡೂ ಅದೇ ಕಂದು. ಇಷ್ಟು ದುಬಾರಿ ಡಬ್ಬಿಯಲ್ಲಿ ಹೀಗೆ ಮೋಸ ಮಾಡುವುದೇ? ನಾದಿನಿಗೆ ಹೇಳಬೇಕು.

ಸೆಪ್ಟೆಂಬರ್ 17, ಬುಧವಾರ

ನಾದಿನಿ ಕೆಲಸ ಮುಗಿಸಿ ಹಾಗೇ ಬಂದಳು. ಡಬ್ಬಿ ತೆರೆದು ತೋರಿಸಿದೆ.

"ಒಂದೇ ಬಣ್ಣನಾ? ಅತ್ತಿಗೆ, ಏಳನೇದು ನೇರಳೆ. ಎಂಟನೇದು ಕಂದು."

"ಬಣ್ಣದ ವಿಚಾರ ನನಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡೋದೇನು, ಮಗು ಕೂಡ ಹೇಳುತ್ತೆ."

ಇವರನ್ನು ಕರೆದೆ. ಇವರು ಡಬ್ಬಿ ನೋಡಿದರು, ತಂಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಲಿಫ್ಟಿನ ಬಟನ್ ಬಿಟ್ರೆ ನಂಗೇನೂ ಗೊತ್ತಾಗಲ್ಲಪ್ಪ," ಎಂದು ಜಾರಿಕೊಂಡರು. ನಾದಿನಿ ಹೋಗುವಾಗ ಹಗ್ಗದ ಮೇಲಿದ್ದ ಬೂದು ಶರ್ಟಿನ ಕಡೆ ನೋಡಿ ಯಾಕೋ ಕಿಸಕ್ಕೆಂದಳು.

ಟ್ಯೂಬ್‌ಲೈಟಿನ ಬೆಳಕು ಸರಿಯಿಲ್ಲ. ಅಷ್ಟೆ.

ಸೆಪ್ಟೆಂಬರ್ 22, ಸೋಮವಾರ

ಮುಂದಿನ ಹಲ್ಲೊಂದು ವಾಪಸ್ ಬಂತು. ದಂತವೈದ್ಯರ ಚೀಟಿ: "ಹಳದಿ ಜಾಸ್ತಿ." ಈ ತಿಂಗಳಲ್ಲಿ ಇದು ಮೂರನೆಯದು. ಕುಲುಮೆ ಕೆಟ್ಟಿದೆ ಎಂದೆ. ಲ್ಯಾಬಿನ ಯಜಮಾನರು ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಎರಡು ಗಂಟೆ ಬಿಚ್ಚಿ ಜೋಡಿಸಿ, "ಕುಲುಮೆ ಚಿನ್ನದಂಗಿದೆ" ಎಂದು ಸಹಿ ಹಾಕಿ ಹೋದ.

ಎದುರು ಮೇಜಿನಲ್ಲಿ ಮೇಣದ ಹಲ್ಲು ಕೆತ್ತುವ ವ್ಯಾಕ್ಸಕ್ಕ ತಲೆ ಎತ್ತಿ ಏನೋ ಹೇಳಲು ಬಂದಳು. ಮತ್ತೆ ಮೇಣಕ್ಕೆ ಬಗ್ಗಿದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಯಾಕೋ ಅದೇ ನೆನಪಾಗುತ್ತಿದೆ.

ಸೆಪ್ಟೆಂಬರ್ 23, ಮಂಗಳವಾರ. ಮಧ್ಯಾಹ್ನ

ಎಲ್ಲರೂ ಊಟಕ್ಕೆ ಹೋದಾಗ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಬಣ್ಣ ಹೊಂದಿಸುವ ಹದಿನಾರು ಮಾದರಿ ಹಲ್ಲುಗಳು, ಒಂದೊಂದಕ್ಕೂ ಕಡ್ಡಿ, ಕಡ್ಡಿಯ ಮೇಲೆ ನಂಬರು. ನಂಬರು ಮುಚ್ಚಿ, ಕಲೆಸಿ, ಬಣ್ಣ ನೋಡಿಯೇ ನಂಬರಿನ ಸಾಲಿಗೆ ಜೋಡಿಸಿದೆ. ಮೊದಲೆಲ್ಲ ಮಾತಾಡುತ್ತಾ ಜೋಡಿಸುತ್ತಿದ್ದೆ.

ಐದು ತಪ್ಪು.

ಎರಡನೇ ಸಲ... ಆರು.

ಹೆದರಿಕೆಯಾಗುತ್ತಿದೆ. ಇಲ್ಲಿ ಬರೆಯುವುದಕ್ಕೂ ಹೆದರಿಕೆ. ಕಿಟಕಿ ಪಕ್ಕದ ಮೇಜು ಬಣ್ಣ ನೋಡುವವರದ್ದು, ಇಪ್ಪತ್ತಾರು ವರ್ಷದಿಂದ ನನ್ನದು. ಬಣ್ಣ ಕಾಣದವಳಿಗೆ ಆ ಮೇಜು ಯಾರು ಕೊಡುತ್ತಾರೆ? ನನಗೆ ಬೇರೆ ಏನು ಬರುತ್ತದೆ?

ಅಕ್ಟೋಬರ್ 5, ಭಾನುವಾರ

ಹನ್ನೆರಡು ದಿನ ಏನೂ ಬರೆಯಲಿಲ್ಲ. ಡಬ್ಬಿಯನ್ನು ಬೀರುವಿನಲ್ಲಿ ಸ್ವೆಟರ್ ಕೆಳಗೆ ಬಚ್ಚಿಟ್ಟಿದ್ದೆ, ತಪ್ಪೆಲ್ಲ ಅದರದ್ದೇ ಎಂಬಂತೆ.

ಇವತ್ತು ಇವರಿಗೆ ಹೇಳಿಬಿಟ್ಟೆ. ಪೂರ್ತಿ ಕೇಳಿದರು. ಮಧ್ಯೆ ಬಾಯಿ ಹಾಕಲಿಲ್ಲ, ಅದೇ ದೊಡ್ಡದು.

"ಲಿಫ್ಟ್ ಮಧ್ಯದಲ್ಲಿ ನಿಂತ್ರೆ ಒಳಗಿರೋರು ಕಟ್ಟಡನೇ ಬಿತ್ತು ಅಂತ ಕಿರುಚ್ತಾರೆ. ಮುಕ್ಕಾಲು ಸಲ ಬಾಗಿಲ ಸಂದೀಲಿ ಧೂಳು ಸಿಕ್ಕಿರುತ್ತೆ ಅಷ್ಟೆ. ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ, ಬಾ."

ಅಕ್ಟೋಬರ್ 6, ಸೋಮವಾರ

ಧೂಳೇ! ಎರಡೂ ಕಣ್ಣಿಗೆ ಪೊರೆ. "ಹಳದಿ ಕನ್ನಡಕ ಹಾಕ್ಕೊಂಡು ಓಡಾಡ್ತಿದ್ದೀರಿ ಅಂದ್ಕೊಳ್ಳಿ. ನಿಧಾನಕ್ಕೆ ಬರೋದ್ರಿಂದ ಗೊತ್ತೇ ಆಗಲ್ಲ," ಅಂದರು ಡಾಕ್ಟರಮ್ಮ. ಆಪರೇಷನ್ ಆದರೆ ಬಣ್ಣ ವಾಪಸ್ ಬರುತ್ತದಂತೆ. ಮೊದಲಿನಷ್ಟೇ ಬರುತ್ತದೆಯೇ ಎಂದು ಕೇಳಿದೆ. "ನೋಡೋಣ" ಎಂದರು. ಡಾಕ್ಟರುಗಳ ನೋಡೋಣ ನನಗೆ ಆಗುವುದಿಲ್ಲ.

ಅಲ್ಲಿಂದ ಸೀದಾ ಲ್ಯಾಬಿಗೆ. ಯಜಮಾನರಿಗೆ ಎಲ್ಲ ಹೇಳಿದೆ, ತಪ್ಪನ್ನು ಕುಲುಮೆಯ ಮೇಲೆ ಹಾಕಿದ್ದೂ ಸೇರಿಸಿ. ಪೆನ್ಸಿಲ್ ಉರುಳಿಸುತ್ತಾ ಕೂತರು.

"ಕಣ್ಣು ಸರಿಯಾಗೋ ತನಕ ಪಾಲಿಶ್ ಕೆಲಸ ಮಾಡಿ. ಆಮೇಲೆ ಪರೀಕ್ಷೆ. ಹದಿನಾರಕ್ಕೆ ಹದಿನಾರು ಬಂದ್ರೆ ಮೇಜು ನಿಮ್ದು. ಒಂದು ತಪ್ಪಿದ್ರೂ ಬೇರೆಯವ್ರನ್ನ ಹುಡುಕ್ತೀನಿ. ಬೇಜಾರು ಮಾಡ್ಕೋಬೇಡಿ."

ನ್ಯಾಯವೇ. ಆದರೂ ಬೇಜಾರಾಯಿತು.

ವ್ಯಾಕ್ಸಕ್ಕನಿಗೆ ಮೂರು ತಿಂಗಳಿಂದ ಗೊತ್ತಿತ್ತಂತೆ! "ಹೇಳಿದ್ರೆ ನೊಂದ್ಕೋತೀಯ ಅಂತ ಹಲ್ಲು ಕಚ್ಕೊಂಡು ಸುಮ್ನಿದ್ದೆ ಕಣೇ."

"ನಿನ್ನ ಹಲ್ಲು ಕಚ್ಚೋ ಬದ್ಲು ನನ್ನನ್ನೇ ಕಚ್ಚಬಾರ್ದಿತ್ತಾ?"

ಮಧ್ಯಾಹ್ನ ಪೂರ್ತಿ ಮಾತು ಬಿಟ್ಟೆ. ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗ್ ಇಟ್ಟು ಕಾದಿದ್ದಳು. ಹೋಗಿ ಕೂತೆ.

ಅಕ್ಟೋಬರ್ 16, ಗುರುವಾರ

ಮೊನ್ನೆ ಬಲಗಣ್ಣು ಆಯಿತು. ಪಟ್ಟಿ ಬಿಚ್ಚಿದ್ದಾರೆ.

ಗೋಡೆ ಬಿಳಿ! ನಮ್ಮ ಮನೆಯ ಗೋಡೆ ಇಷ್ಟು ಬಿಳಿಯೇ? ಬಲಗಣ್ಣು ಮುಚ್ಚಿದರೆ ಅಡುಗೆಮನೆ ಚಹಾ, ಎಡಗಣ್ಣು ಮುಚ್ಚಿದರೆ ಹಾಲು. ಬೆಳಗಿನಿಂದ ಇದೇ ಆಟ. ಕಂಡಕಂಡದ್ದಕ್ಕೆಲ್ಲ ಕಣ್ಣು ಹೊಡೆಯುತ್ತಿದ್ದೇನೆ.

ಸ್ವೆಟರ್ ಕೆಳಗಿಂದ ಡಬ್ಬಿ ತೆಗೆದೆ. ಎಡಗಣ್ಣಿಗೆ ಏಳೂ ಎಂಟೂ ಅವಳಿಜವಳಿ. ಬಲಗಣ್ಣಿಗೆ ಏಳನೇ ಗುಳಿ ನೇರಳೆ. ಹಣ್ಣಾಗಿ ಬಿದ್ದ ನೇರಳೆ. ಎಷ್ಟು ಚಂದವಿದೆ! ನಾದಿನಿಗೆ ಫೋನ್ ಮಾಡಿ "ಸೋತೆ" ಎಂದೆ. "ಇನ್ನೊಂದ್ಸಲ ಹೇಳಿ, ರೆಕಾರ್ಡ್ ಮಾಡ್ಕೋತೀನಿ" ಎಂದಳು, ತರಲೆ.

ಆದರೆ ಹಚ್ಚುವ ಹಾಗಿಲ್ಲ. ಎರಡನೇ ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳು ಕಳೆಯುವ ತನಕ ಕಣ್ಣಿಗೆ ಏನೂ ಸೋಕಬಾರದಂತೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಹಲ್ಲಿನ ಲ್ಯಾಬಿನವಳಿಗೇ ಈ ಗತಿ.

ಅಕ್ಟೋಬರ್ 19, ಭಾನುವಾರ

ಇವರು ಸ್ನಾನ ಮುಗಿಸಿ ಆ ಶರ್ಟು ಹಾಕಿಕೊಂಡು ಬಂದರು. ಎಡಗಣ್ಣಿನಿಂದ ನೋಡಿದೆ. ಬಲಗಣ್ಣಿನಿಂದ ನೋಡಿದೆ.

"ಇದು ಬೂದು ಅಲ್ಲ."

"ಅಲ್ಲ."

"ನೇರಳೆ!"

"ಹೂಂ. ಸ್ವಲ್ಪ ತಿಳಿ."

"ಒಂದು ವರ್ಷದಿಂದ ಇದನ್ನ ಹಾಕ್ಕೊಂಡು ಓಡಾಡ್ತಿದ್ದೀರಾ? ಕೆಲಸದೋರು ಯಾರಾದ್ರೂ ನೋಡಿದ್ರಾ?"

"ಒಂದು ಭಾನುವಾರ ಅರ್ಜೆಂಟ್ ಕಾಲ್ ಬಂದಿತ್ತಲ್ಲ, ಹೀಗೇ ಹೋಗಿದ್ದೆ. ಅವತ್ತಿಂದ ನಂಗೆ 'ಮದುಮಗ' ಅಂತ್ಲೇ ಹೆಸರು."

"ನಂಗೆ ಹೇಳ್ಬಾರ್ದಿತ್ತಾ?"

"ಬಣ್ಣದ ಕೆಲಸದೋಳು ಆರಿಸಿದ್ದು. ನಂಗೊಪ್ಪುತ್ತೆ ಅಂತ್ಲೇ ತಂದಿರ್ತೀಯ ಅಂದ್ಕೊಂಡೆ. ಹಾಕ್ತಾ ಹಾಕ್ತಾ ನಂಗೂ ಇಷ್ಟ ಆಯ್ತು."

ಕಣ್ಣು ಉಜ್ಜಬಾರದು, ಒರೆಸಬಾರದು ಎಂದಿದ್ದಾರೆ ಡಾಕ್ಟರಮ್ಮ. ಒರೆಸಿಕೊಳ್ಳದೆ ಅತ್ತೆ.

ನವೆಂಬರ್ 24, ಸೋಮವಾರ

ಎಡಗಣ್ಣೂ ಆಗಿ ಮೂರು ವಾರ ದಾಟಿತು. ಇವತ್ತು ಪರೀಕ್ಷೆ.

ಯಜಮಾನರೇ ನಂಬರು ಮುಚ್ಚಿ ಕಲೆಸಿದರು. ಕಿಟಕಿಯ ಮೇಜಿನ ಮೇಲೆ ಅವರ ಕಾಫಿ ಮಗ್ಗು, ಫೈಲು. ಖಾಲಿ ಜಾಗಕ್ಕೆ ಎಷ್ಟು ಬೇಗ ಮಗ್ಗು ಬಂದು ಕೂರುತ್ತದೆ! ಹದಿನಾಲ್ಕು ಹಲ್ಲು ಸರಸರ ಇಟ್ಟೆ. ಉಳಿದ ಎರಡು ಒಂದೇ ಥರ ಕಂಡವು. ವ್ಯಾಕ್ಸಕ್ಕನ ಚಾಕು ನಿಂತುಹೋಯಿತು. ಬೂದು ಗೋಡೆ ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟೆ. ಮತ್ತೆ ನೋಡಿದೆ. ಒಂದರ ಬುಡದಲ್ಲಿ ಚೂರೇ ಚೂರು ಬೂದು ನೆರಳು... ಇಟ್ಟೆ.

ಯಜಮಾನರು ಒಂದೊಂದೇ ತಿರುಗಿಸಿದರು. ಹದಿನಾರು. ಮಗ್ಗು, ಫೈಲು ಎತ್ತಿಕೊಂಡು ಹೋದರು. ಬಾಗಿಲಲ್ಲಿ ತಿರುಗಿ, "ನಾನು ಮಾಡಿದ್ರಲ್ಲೂ ಮೂರು ಹಲ್ಲು ವಾಪಸ್ ಬಂದಿವೆ, ಮೊದಲು ಅವನ್ನ ಮಾಡಿಬಿಡಿ," ಎಂದರು. ವ್ಯಾಕ್ಸಕ್ಕ ಮೇಜು ಗುದ್ದಿದ ರಭಸಕ್ಕೆ ಅವಳ ಇಡೀ ಮೇಣದ ದವಡೆ ಕೆಳಗೆ ಬಿತ್ತು.

ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ 11

ನಿನ್ನೆ ಡಾಕ್ಟರಮ್ಮನ ಅಪ್ಪಣೆ ಸಿಕ್ಕಿತು. ಶರತ್ಕಾಲ ಮುಗಿದೇ ಹೋಯಿತು, ಹೊರಗೆ ಮರಗಳೂ ಎಲೆ ಉದುರಿಸತೊಡಗಿವೆ. ಚಿಂತೆಯಿಲ್ಲ, ಎಲೆಗಳೆಲ್ಲ ನನ್ನ ಡಬ್ಬಿಯಲ್ಲಿವೆ.

ನಾದಿನಿಯ ಮನೆಗೆ ಊಟಕ್ಕೆ ಹೊರಟಿದ್ದೇವೆ. ಇವರು ಶರ್ಟು ಹಾಕಿಕೊಂಡು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ತೋಳು ಹಿಡಿದು ಕಿಟಕಿಗೆ ಎಳೆದುಕೊಂಡು ಬಂದೆ. ಡಬ್ಬಿಯನ್ನು ತೋಳಿನ ಪಕ್ಕ ಹಿಡಿದೆ, ಲ್ಯಾಬಿನಲ್ಲಿ ಹಿಡಿಯುವ ಹಾಗೆಯೇ. ಆರನೇದು ಅಲ್ಲ. ಎಂಟನೇದು ಅಲ್ಲ. ಏಳನೇದು, ತೆಳ್ಳಗೆ, ಒಂದೇ ಪದರ.

ನೀರಿಲ್ಲ, ಗಾಜಿಲ್ಲ. ಅಳತೆಯೂ ಕಣ್ಣಿನದ್ದೇ. ಬಲಗಣ್ಣು ಆಯಿತು. ಹೇಗಿದೆ ಎಂದು ಕೇಳಿದೆ. ಇವರು ತುಂಬಾ ಹೊತ್ತು ನೋಡಿದರು. 'ಯಾರು ಹೊಡೆದ್ರು' ಅನ್ನುತ್ತಾರೆಂದು ಕಾದೆ.

"ಶರ್ಟಿಗೆ ಹೊಂದುತ್ತೆ," ಅಂದರು.

ಲಿಫ್ಟಿನ ಬಟನ್ ಬಿಟ್ಟರೆ ಏನೂ ಗೊತ್ತಾಗದವರು!

ಬರೆದಿಡದೆ ಇರಲಾಗಲಿಲ್ಲ, ಅದಕ್ಕೇ ಮಧ್ಯದಲ್ಲಿ ಬಂದು ಕೂತೆ. ಮದುಮಗ ಬಾಗಿಲಲ್ಲಿ ಕೀಲಿಕೈ ಕುಣಿಸುತ್ತಿದ್ದಾರೆ. ಕುಣಿಸಲಿ, ಎಡಗಣ್ಣು ಇನ್ನೂ ಬಾಕಿ.