ಸಹಿ ಹಾಕದ ಅಣ್ಣ

೧೪ ಜೂನ್ ೨೦೦೧, ಗುರುವಾರ

ಮೈ ಇನ್ನೂ ಉರಿಯುತ್ತಿದೆ. ಬೆಹ್ರೂಜ್ ಇರಾನಿನಿಂದ ಓದಲು ಬಂದವರು, ನನ್ನನ್ನು ಮದುವೆಯಾಗಿ ಕೆ.ಆರ್. ಪುರದಲ್ಲೇ ಉಳಿದವರು. ಇಪ್ಪತ್ತೆರಡು ವರ್ಷವಾಯಿತು. ಪ್ರತಿವರ್ಷ ಇಲ್ಲಿರುವ ಪರ್ಮಿಟ್ಟಿಗೆ ಅಲೆದು ಸಾಕಾಗಿ, ಕಾಯಂ ನೆಲೆಸಲು ಅರ್ಜಿ ಬರೆದೆವು. ಪರಿಚಯದವರೊಬ್ಬರ ಸಹಿ ಬೇಕಿತ್ತು. ಬೆಳಿಗ್ಗೆ ಪಕ್ಕದ ಬೀದಿಯಲ್ಲಿರುವ ನನ್ನ ಒಡಹುಟ್ಟಿದ ವಸಂತಣ್ಣನ ಮುಂದೆ ಹಾಳೆ ಇಟ್ಟೆ.

“ನಾಳೆ ಪೊಲೀಸ್ನೋರು ನಮ್ಮನೆ ಬಾಗ್ಲಿಗೆ ಬಂದ್ರೆ? ಎಷ್ಟಾದ್ರೂ ಅವ್ರು ಹೊರಗಿನೋರು ಕಣಮ್ಮ,” ಅಂದ.

ಅಪ್ಪ ಹಾಸಿಗೆ ಹಿಡಿದಿದ್ದಾಗ ಮೂರು ತಿಂಗಳು ಮೈ ಒರೆಸಿದ್ದು ಈ ಹೊರಗಿನವರೇ. ಆಗ ಅಣ್ಣ ಎಲ್ಲಿದ್ದ?

ಸಂಜೆ ಅವನ ಮಗಳು ಎಂದಿನಂತೆ ಲೆಕ್ಕ ಹೇಳಿಸಿಕೊಳ್ಳಲು ಬಂದಳು. ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದೆ.

“ಮಗು ಏನ್ಮಾಡ್ತು ಹಂಸಾ? ಬಾ ಪುಟ್ಟಾ, ಪುಸ್ತಕ ತೆಗಿ,” ಎಂದು ಬೆಹ್ರೂಜ್ ಒಳಗೆ ಕರೆದರು.

ಈಗ ಅಣ್ಣನಿಗಿಂತ ಇವರ ಮೇಲೇ ಸಿಟ್ಟು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕೂಗಾಡಿದ್ದರೆ, ಇಬ್ಬರ ಸಿಟ್ಟನ್ನೂ ನಾನೊಬ್ಬಳೇ ಹೊರಬೇಕಾಗುತ್ತಿರಲಿಲ್ಲ.